ಹಂಪಿಯ ವಿರೂಪಾಕ್ಷ ದೇವಸ್ಥಾನ ನಿಜವಾಗಿ ಯಾವ ಕಾಲದ್ದು?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಮನೆಯವರ ಜೊತೆ ಹಂಪಿ ನೋಡಿಕೊಂಡು ಬಂದೆ. ಬಂದ ಮೇಲೆ ಗೊಂದಲ ಜಾಸ್ತಿ ಆಗಿದೆ. ಗೈಡ್ ಒಬ್ಬರು ವಿರೂಪಾಕ್ಷ ದೇವಸ್ಥಾನವನ್ನು ಕೃಷ್ಣದೇವರಾಯ ಕಟ್ಟಿಸಿದ ಅಂದರು. ಪಕ್ಕದ ಗುಂಪಿನ ಗೈಡ್ ಹಕ್ಕ ಬುಕ್ಕರ ಹೆಸರು ಹೇಳುತ್ತಿದ್ದರು. ನಮ್ಮ ಮಾವನವರು ಇದು 7ನೇ ಶತಮಾನದ್ದು ಅಂತ ಪಟ್ಟು ಹಿಡಿದಿದ್ದಾರೆ. ಮೂರೂ ಒಟ್ಟಿಗೆ ಸರಿ ಇರೋಕೆ ಆಗಲ್ಲ ಅಲ್ವಾ? ತಿಳಿದವರು ದಯವಿಟ್ಟು ಹೇಳಿ. ಹಾಗೆಯೇ ಆ ತಲೆಕೆಳಗಾದ ಗೋಪುರದ ನೆರಳಿನ ಗುಟ್ಟೇನು ಅಂತಲೂ ಹೇಳಿದರೆ ಪುಣ್ಯ ಬರುತ್ತದೆ.

ಓಲೆಗರಿ

ಮೂವರೂ ಹೇಳಿದ್ದರಲ್ಲಿ ಒಂದೊಂದು ತುಣುಕು ನಿಜ ಇದೆ. ಆದರೆ ಮೂವರೂ ಬೇರೆ ಬೇರೆ ವಿಷಯ ಹೇಳುತ್ತಿದ್ದಾರೆ.

7ನೇ ಶತಮಾನ ಎನ್ನುವುದು ಜಾಗದ ಹಳೆತನ, ಕಟ್ಟಡದ್ದಲ್ಲ. ಬಾದಾಮಿ ಚಾಲುಕ್ಯರ ವಿನಯಾದಿತ್ಯನ ಒಂದು ತಾಮ್ರ ಶಾಸನ ಪಂಪಾ ತೀರ್ಥದ, ಅಂದರೆ ಈ ಹಂಪಿಯ, ಬೀಡಿನಿಂದ ಹೊರಟಿದ್ದು. ಅಂದರೆ ಆ ಕಾಲಕ್ಕೇ ಇದು ಹೆಸರಿದ್ದ ತೀರ್ಥ. ಆಗ ಈಗಿನ ಕಟ್ಟಡ ಇತ್ತು ಅಂತ ಅದರಿಂದ ಹೇಳಲು ಬರುವುದಿಲ್ಲ.

ಹಕ್ಕ ಬುಕ್ಕರದ್ದು ಇನ್ನೊಂದು ಕಥೆ. 1336ರ ಹೊತ್ತಿಗೆ ಸಂಗಮ ವಂಶದವರು ಇಲ್ಲಿ ರಾಜ್ಯ ಶುರು ಮಾಡಿದಾಗ ವಿರೂಪಾಕ್ಷ ಆಗಲೇ ಇಲ್ಲಿದ್ದ. ಅವರು ಅವನನ್ನು ಮನೆದೇವರು ಮಾಡಿಕೊಂಡರು, ಗುಡಿ ಬೆಳೆಸಿದರು.

ಕೃಷ್ಣದೇವರಾಯ ಬಂದಿದ್ದು ಎಲ್ಲಕ್ಕಿಂತ ಕೊನೆಗೆ. ಅವನ 1510ರ ಶಾಸನ ದೇವಸ್ಥಾನದಲ್ಲೇ ಇದೆ. ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪ ಕಟ್ಟಿಸಿದ್ದು, ಅದರ ಮುಂದೆ ಗೋಪುರ ಎತ್ತಿಸಿದ್ದು, ಅದಕ್ಕೂ ಮುಂದಿನ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದ್ದು, ನೈವೇದ್ಯಕ್ಕೆ ಊರು ಬಿಟ್ಟಿದ್ದು, ಎಲ್ಲ ಅದರಲ್ಲಿದೆ. ಜೀರ್ಣೋದ್ಧಾರ ಅಂದ ಮೇಲೆ ದೊಡ್ಡ ಗೋಪುರ ಅವನಿಗಿಂತ ಮೊದಲೇ ಇತ್ತು ಅಂತಾಯಿತು. ಹಾಗಾಗಿ "ಕೃಷ್ಣದೇವರಾಯ ಕಟ್ಟಿಸಿದ" ಅನ್ನುವ ಗೈಡ್‌ಗೆ ಉತ್ತರ ಆ ಕಲ್ಲಿನಲ್ಲೇ ಇದೆ.

ಮಾತಂಗ

ಹಳೆ ಮನೆಗೆ ಪ್ರತಿ ತಲೆಮಾರಿನವರೂ ಒಂದೊಂದು ಪಡಸಾಲೆ ಸೇರಿಸುತ್ತಾ ಹೋದ ಹಾಗೆ ಇದು. ಇಡೀ ಮನೆಗೆ ಒಂದೇ ವಯಸ್ಸು ಕೇಳಿದರೆ ಹೇಳೋಕೆ ಆಗಲ್ಲ.

ಅನುಮಾನ ಇದ್ದವರು ಒಳ ಪ್ರಾಕಾರದ ಉತ್ತರ ಬದಿಗೆ ಹೋಗಿ. ಅಲ್ಲಿ ಪಂಪಾದೇವಿ ಮತ್ತು ಭುವನೇಶ್ವರಿಯ ಗುಡಿಗಳಿವೆ. ತೊಂಬತ್ತು ಪಾಲು ಜನ ಕೈಮುಗಿದು ಮುಂದೆ ಹೋಗುತ್ತಾರೆ. ಭುವನೇಶ್ವರಿ ಗುಡಿಯ ಕಂಬಗಳನ್ನು ಒಮ್ಮೆ ನಿಂತು ನೋಡಿ. ಸುತ್ತ ಇರುವುದೆಲ್ಲ ಒರಟು ಗ್ರಾನೈಟ್. ಇವು ಮಾತ್ರ ಕಪ್ಪು ಬಳಪದ ಕಲ್ಲು, ನುಣುಪಾಗಿ ತಿರುಗಣೆಯಲ್ಲಿ ಕಡೆದ ಹಾಗಿವೆ. ಬಾಗಿಲವಾಡದ ಕುಸುರಿಯೂ ಹಾಗೆಯೇ. ಇದು ಕಲ್ಯಾಣ ಚಾಲುಕ್ಯರ ಕಾಲದ ಕೈಕೆಲಸ. ಇಟಗಿ, ಲಕ್ಕುಂಡಿ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ವಿಜಯನಗರಕ್ಕಿಂತ ಇನ್ನೂರು ವರ್ಷ ಹಿಂದಿನ ಕೆಲಸ ಅಲ್ಲಿ ಕಣ್ಣೆದುರಿಗೇ ಇದೆ.

ಕಲ್ಲುಕುಟಿಗ

ಮಾತಂಗ ಹೇಳಿದ ಕಲ್ಲಿನ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು. ಅದರಲ್ಲಿ ಸರದ ಮಣಿ ಕೂಡ ಕೊರೆಯಬಹುದು. ಹಂಪಿಯ ಸುತ್ತ ಸಿಗುವ ಗ್ರಾನೈಟ್ ಹಾಗಲ್ಲ. ಅದಕ್ಕೆ ವಿಜಯನಗರದ ಶಿಲ್ಪಿಗಳು ಚಿಕ್ಕ ಕುಸುರಿ ಬಿಟ್ಟು ದೊಡ್ಡ ಆಕಾರಕ್ಕೆ ಹೋದರು. ರಂಗಮಂಟಪದ ಕಂಬಗಳನ್ನು ನೋಡಿ. ಮಕರದ ಮೇಲೆ ನಿಂತ ಯಾಳಿ (ಸಿಂಹದಂಥ ಕಲ್ಪನೆಯ ಮೃಗ), ಅದರ ಬೆನ್ನ ಮೇಲೆ ಸವಾರ, ಹಿಂದಿನ ಕಂಬ, ಎಲ್ಲ ಒಂದೇ ಕಲ್ಲಿನಲ್ಲಿ. ಬೇಲೂರಿನ ಜೊತೆ ಹೋಲಿಸಿ "ಇಲ್ಲಿ ಕೆಲಸ ಒರಟು" ಅನ್ನುವವರು ಕಲ್ಲನ್ನು ಮುಟ್ಟಿ ನೋಡಿಲ್ಲ ಅಂತಲೇ ನನ್ನ ಅಭಿಪ್ರಾಯ.

ಬಂಡೆ ಸೀಳಿದ್ದು ಹೇಗೆ ಅಂತ ನೋಡಲು ದೇವಸ್ಥಾನದ ಪಕ್ಕದ ಹೇಮಕೂಟ ಗುಡ್ಡ ಹತ್ತಿ. ಬಂಡೆಗಳ ಅಂಚಿನಲ್ಲಿ ಸಾಲಾಗಿ ಬೆಣೆ ಹೊಡೆದ ಗುಳಿಗಳಿವೆ. ಅರ್ಧ ಸೀಳಿ ಬಿಟ್ಟ ಬಂಡೆಗಳೂ ಇವೆ.

ಗೋಪುರದ ವಿಷಯ. ಪೂರ್ವದ ದೊಡ್ಡ ಗೋಪುರವನ್ನು ಊರಿನವರು ಬಿಷ್ಟಪ್ಪಯ್ಯ ಗೋಪುರ ಅನ್ನುತ್ತಾರೆ. 9 ಅಂತಸ್ತು, ಸುಮಾರು 50 ಮೀಟರ್ ಎತ್ತರ. ಕೆಳಗಿನ ಭಾಗ ಮಾತ್ರ ಕಲ್ಲು. ಮೇಲಿನದೆಲ್ಲ ಇಟ್ಟಿಗೆ ಮತ್ತು ಗಾರೆ. ಅಷ್ಟು ಎತ್ತರಕ್ಕೆ ಪೂರ್ತಿ ಕಲ್ಲು ಪೇರಿಸಿದ್ದರೆ ಬುಡಕ್ಕೆ ಭಾರ ಜಾಸ್ತಿ ಆಗುತ್ತಿತ್ತು. ಗಾರೆಯಲ್ಲಿ ಗೊಂಬೆ ಮಾಡುವುದೂ ಸುಲಭ. ಆದರೆ ಗಾರೆ ಮಳೆಗೆ ಬೇಗ ಕರಗುತ್ತದೆ, ಗಿಡ ಹುಟ್ಟುತ್ತದೆ. ಅದಕ್ಕೇ ಇಂಥ ಗೋಪುರಗಳನ್ನು ಮತ್ತೆ ಮತ್ತೆ ದುರಸ್ತಿ ಮಾಡಲೇಬೇಕು. 19ನೇ ಶತಮಾನದ ಮೊದಲ ಭಾಗದಲ್ಲೂ ಇಲ್ಲಿನ ಗೋಪುರಗಳಿಗೆ ದೊಡ್ಡ ದುರಸ್ತಿ ಆಗಿದೆ. ಈಗ ಮೇಲೆ ಕಾಣುವ ಗೊಂಬೆಗಳನ್ನೆಲ್ಲ ವಿಜಯನಗರದ್ದು ಅಂತ ಫೋಟೋ ಕೆಳಗೆ ಬರೆಯುವವರು ಸ್ವಲ್ಪ ತಡೆಯಬೇಕು.

ದಾರಿಹೋಕ

ಇಷ್ಟು ಬೇಗ ಇಷ್ಟು ವಿಷಯ! ಮಾವನವರಿಗೆ ಓದಿ ಹೇಳಿದೆ. "ಜಾಗ ಹಳೆಯದು ಅಂತ ಒಪ್ಪಿದರಲ್ಲ, ಸಾಕು" ಅಂದರು. ಇನ್ನೊಂದು ಅನುಮಾನ. ಹೇಮಕೂಟದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಛಾವಣಿ ಇರುವ ಗುಡಿಗಳಿವೆಯಲ್ಲ, ಅವು ಜೈನ ಬಸದಿಗಳಂತೆ ಹೌದಾ?

ಓಲೆಗರಿ

ಅಲ್ಲ. ಆ ಛಾವಣಿ ನೋಡಿ ಜೈನ ಗುಡಿ ಅಂತ ತುಂಬಾ ಹಿಂದಿನಿಂದ ಜನ ಹೇಳಿಕೊಂಡು ಬಂದಿದ್ದಾರೆ. ಅವು ಶಿವನ ಗುಡಿಗಳು. ಕೆಲವು ತ್ರಿಕೂಟ, ಅಂದರೆ ಮೂರು ಗರ್ಭಗುಡಿ, ನಡುವೆ ಒಂದೇ ಮಂಟಪ. ಅದರಲ್ಲಿ ಒಂದನ್ನು ಕಂಪಿಲರಾಯ ಕಟ್ಟಿಸಿದ. ಶಾಸನ ಅಲ್ಲೇ ಇದೆ. ತಂದೆ ಮುಮ್ಮಡಿ ಸಿಂಗೆಯ ನಾಯಕನ ನೆನಪಿಗೂ ಸೇರಿಸಿ ಅಲ್ಲಿ ಲಿಂಗಗಳನ್ನು ಇಡಿಸಿದ. ನಮ್ಮ ಗಂಡುಗಲಿ ಕುಮಾರರಾಮನ ಅಪ್ಪ ಇವನೇ. ಇದು ವಿಜಯನಗರ ಹುಟ್ಟುವ ಸ್ವಲ್ಪ ಮೊದಲಿನ ಮಾತು.

ಇನ್ನೂ ಹಿಂದೆ ಹೋದರೆ ಹರಿಹರ ಕವಿ ಸಿಗುತ್ತಾನೆ. ಹಂಪಿಯಲ್ಲೇ ಇದ್ದು ವಿರೂಪಾಕ್ಷನನ್ನು ಹಾಡಿದವನು. 'ಗಿರಿಜಾಕಲ್ಯಾಣ' ಬರೆದವನು. ಅವನ ಕಾಲಕ್ಕೆ ವಿಜಯನಗರ ಅನ್ನುವ ರಾಜ್ಯವೇ ಇರಲಿಲ್ಲ. ರಾಜರು ಬಂದು ದೇವರನ್ನು ದೊಡ್ಡವನು ಮಾಡಿದರು ಅಂತ ನಾವು ಓದುತ್ತೇವೆ. ನನಗೆ ಅದು ಉಲ್ಟಾ ಅನಿಸುತ್ತದೆ. ಆಗಲೇ ದೊಡ್ಡವನಾಗಿದ್ದ ದೇವರ ಆಸರೆಯಲ್ಲಿ ಹೊಸ ರಾಜರು ನೆಲೆ ಕಂಡುಕೊಂಡರು.

ಸಾಕ್ಷಿ ಬೇಕಾದರೆ ಅವರ ಸಹಿ ನೋಡಿ. ವಿಜಯನಗರದ ತಾಮ್ರ ಶಾಸನಗಳು ಹೆಚ್ಚಾಗಿ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇರುತ್ತವೆ. ಕೊನೆಯಲ್ಲಿ ರಾಜನ ಹೆಸರಿನ ಬದಲು ಕನ್ನಡ ಅಕ್ಷರದಲ್ಲಿ "ಶ್ರೀ ವಿರೂಪಾಕ್ಷ" ಅಂತ ಇರುತ್ತದೆ. ರಾಜ್ಯ ದೇವರದ್ದು, ನಾವು ಅವನ ಪರವಾಗಿ ಆಳುವವರು ಅನ್ನುವ ಭಾವ. ಕೃಷ್ಣದೇವರಾಯ ತಿರುಪತಿಯ ದೊಡ್ಡ ಭಕ್ತ. ಆದರೂ ಅವನ ಕಾಲದಲ್ಲೂ ಈ ಸಹಿ ಬದಲಾಗಲಿಲ್ಲ. ಹಂಪಿ ಬಿಟ್ಟು ಹೋದ ಮೇಲೆ, ಅರವೀಡು ವಂಶದ ಕಾಲದಲ್ಲಿ "ಶ್ರೀ ವೆಂಕಟೇಶ" ಬಂತು.

ಬೆಳಕಿಂಡಿ

ನೆರಳಿನ ಪ್ರಶ್ನೆ ಹಾಗೇ ಉಳಿದಿದೆ. ನಾನು ವಿಜ್ಞಾನ ಪಾಠ ಹೇಳುವವನು, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ. ಅದರ ಗೋಡೆಯಲ್ಲಿ ಸಣ್ಣ ಕಿಂಡಿ. ಬೆಳಕು ನೇರವಾಗಿ ಹೋಗುತ್ತದೆ. ಗೋಪುರದ ತುದಿಯಿಂದ ಬಂದ ಬೆಳಕು ಕಿಂಡಿ ದಾಟಿ ಎದುರು ಗೋಡೆಯ ಕೆಳಗೆ ಬೀಳುತ್ತದೆ. ಬುಡದಿಂದ ಬಂದಿದ್ದು ಮೇಲೆ ಬೀಳುತ್ತದೆ. ಅದಕ್ಕೆ ಗೋಪುರ ತಲೆಕೆಳಗು. ನಿಜ ಹೇಳಬೇಕೆಂದರೆ ಅದು ನೆರಳಲ್ಲ, ಬಿಂಬ. ಹಿಂದಿನ ಆಕಾಶ ಬೆಳ್ಳಗಿರುತ್ತದೆ, ಗೋಪುರ ಅದರ ಮುಂದೆ ಕಪ್ಪಾಗಿ ಕಾಣುತ್ತದೆ. ಹಾಗಾಗಿ ನೋಡುವವರಿಗೆ ನೆರಳು ಅನಿಸುತ್ತದೆ. ಕಿಂಡಿ ಚಿಕ್ಕದಾದಷ್ಟೂ ಬಿಂಬ ಚೊಕ್ಕ, ಆದರೆ ಮಂಕು. ದೊಡ್ಡದಾದರೆ ಬೆಳಕು ಜಾಸ್ತಿ, ಬಿಂಬ ಕದಡುತ್ತದೆ. ಮೋಡದ ದಿನ ಹೋದವರು "ಏನೂ ಕಾಣಲಿಲ್ಲ" ಅನ್ನುವುದು ಇದಕ್ಕೇ.

ಜಾತ್ರೆಮರುಳ

ನಮ್ಮ ಪೂರ್ವಜರಿಗೆ ಕ್ಯಾಮೆರಾ ವಿದ್ಯೆ ಯಾವತ್ತೋ ಗೊತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಬೆಳಕಿಂಡಿ

ಬೇಕು. ಕತ್ತಲೆ ಕೋಣೆ, ಎದುರಿಗೆ ಬೆಳಕಿನಲ್ಲಿ ಎತ್ತರದ ವಸ್ತು, ನಡುವೆ ಸಣ್ಣ ತೂತು. ಈ ಮೂರು ಸೇರಿದರೆ ಎಲ್ಲೇ ಆದರೂ ಬಿಂಬ ಮೂಡುತ್ತದೆ. ಯಾರೂ ಯೋಜನೆ ಮಾಡಬೇಕಾಗಿಲ್ಲ. ಬೇಕೆಂದೇ ಮಾಡಿದ್ದರೆ ದೇವರ ದರ್ಶನಕ್ಕೆ ಬಂದವರೆಲ್ಲ ನೋಡುವ ಜಾಗದಲ್ಲಿ ಮಾಡುತ್ತಿದ್ದರು, ಹಿಂದಿನ ಮೂಲೆಯಲ್ಲಿ ಯಾಕೆ? ಹಾಗಂತ ಅವರಿಗೆ ಬೆಳಕು ಗೊತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಹೊರಗಿನ ಬಿಸಿಲಿನಿಂದ ಗರ್ಭಗುಡಿಯ ಕತ್ತಲಿಗೆ ಹಂತ ಹಂತವಾಗಿ ಕರೆದೊಯ್ಯುವ ಜಾಣತನ ಇಡೀ ಕಟ್ಟಡದಲ್ಲಿದೆ. ಆ ಕಿಂಡಿಯನ್ನೇ ದೊಡ್ಡದು ಮಾಡಿ ಮಿಕ್ಕಿದ್ದನ್ನು ಮರೆಯುವುದು ನನಗೆ ಇಷ್ಟವಾಗಲ್ಲ.

ಜಾತ್ರೆಮರುಳ

ಸರಿ ಸರ್, ವಾದ ಬಿಟ್ಟೆ. ಆದರೆ ನೀವೆಲ್ಲ ಕಲ್ಲು, ಶಾಸನ, ಕಿಂಡಿ ಅಂತಲೇ ಇದ್ದೀರಿ. ಪೂಜೆಯ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ವಿರೂಪಾಕ್ಷನ ಗುಡಿ ಮ್ಯೂಸಿಯಂ ಅಲ್ಲ ಸ್ವಾಮಿ. ದಿನಾ ಪೂಜೆ ನಡೆಯುವ ಜಾಗ. ವಿಠ್ಠಲ ದೇವಸ್ಥಾನ ಎಷ್ಟೇ ಚೆಂದ ಇರಲಿ, ಅಲ್ಲಿ ಗರ್ಭಗುಡಿ ಖಾಲಿ. ಇಲ್ಲಿ ಗಂಟೆ ಬಡಿಯುತ್ತದೆ. ಆನೆ ಲಕ್ಷ್ಮಿ ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಹೋಗುತ್ತಾಳೆ.

ಈ ದೇವಸ್ಥಾನವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಂದು ಮದುವೆ ಗೊತ್ತಿರಬೇಕು. ಪಂಪೆ ಶಿವನಿಗಾಗಿ ಇಲ್ಲಿ ತಪಸ್ಸು ಮಾಡಿದಳು. ಶಿವ ಧ್ಯಾನದಲ್ಲಿದ್ದ. ಮನ್ಮಥ ಹೂಬಾಣ ಬಿಟ್ಟು ಸುಟ್ಟುಹೋದ. ಕೊನೆಗೆ ಶಿವ ಒಪ್ಪಿದ. ಮದುವೆಯ ಹೊತ್ತಿಗೆ ಬಂಗಾರದ ಮಳೆ ಸುರಿಯಿತು, ಆ ಗುಡ್ಡ ಹೇಮಕೂಟ ಆಯಿತು. ದೇವಸ್ಥಾನದ ಉತ್ತರಕ್ಕಿರುವ ಹೊಂಡದ ಹೆಸರೇ ಮನ್ಮಥ ಹೊಂಡ. ಕಥೆ ನಡೆದ ಜಾಗಗಳೆಲ್ಲ ಕೂಗಳತೆಯಲ್ಲಿವೆ.

ಆ ಮದುವೆ ಈಗಲೂ ಪ್ರತಿ ವರ್ಷ ನಡೆಯುತ್ತದೆ, ಅದೂ ಎರಡು ಹಂತದಲ್ಲಿ. ಮಾರ್ಗಶಿರದಲ್ಲಿ, ಅಂದರೆ ಡಿಸೆಂಬರ್ ಆಸುಪಾಸಿನಲ್ಲಿ, ಫಲಪೂಜೆ. ಇದು ನಿಶ್ಚಿತಾರ್ಥ. ಉತ್ಸವಮೂರ್ತಿಗಳು ಹೊಳೆ ದಂಡೆಯ ಚಕ್ರತೀರ್ಥದ ಹತ್ತಿರ ಇರುವ ಕೋದಂಡರಾಮ ದೇವಸ್ಥಾನಕ್ಕೆ ಹೋಗುತ್ತವೆ. ಶಿವನ ನಿಶ್ಚಿತಾರ್ಥ ರಾಮನ ಗುಡಿಯಲ್ಲಿ! ಶೈವ ವೈಷ್ಣವ ಜಗಳ ಅಂತ ಬರೆಯುವವರು ಇದನ್ನೊಮ್ಮೆ ನೋಡಬೇಕು. ಆಮೇಲೆ ಚೈತ್ರದಲ್ಲಿ ಕಲ್ಯಾಣೋತ್ಸವ, ಹುಣ್ಣಿಮೆಗೆ ಜೋಡಿ ರಥೋತ್ಸವ. ಮಿಣಿ ಹಿಡಿಯಲು ಜನ ಮುಗಿಬೀಳುತ್ತಾರೆ. ತೇರಿನ ಮೇಲೆ ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಾರೆ. ಸುತ್ತಲಿನ ಹಳ್ಳಿಗಳೆಲ್ಲ ಅವತ್ತು ಹಂಪಿಯಲ್ಲೇ.

ಮಾತಂಗ

ಚೆನ್ನಾಗಿ ಹೇಳಿದಿರಿ. ಈಗ ರಂಗಮಂಟಪದ ಛಾವಣಿಯ ಚಿತ್ರಗಳನ್ನು ಈ ಮದುವೆ ಗೊತ್ತಿಟ್ಟುಕೊಂಡು ನೋಡಿ. ಗಿರಿಜೆಯ ಮದುವೆ, ಧ್ಯಾನದಲ್ಲಿರುವ ಶಿವನಿಗೆ ಬಾಣ ಹೂಡಿದ ಮನ್ಮಥ, ಪಕ್ಕದಲ್ಲಿ ದ್ರೌಪದಿಗಾಗಿ ಮತ್ಸ್ಯಯಂತ್ರ ಹೊಡೆಯುವ ಅರ್ಜುನ. ಅಂದರೆ ತಲೆ ಎತ್ತಿದ ಕಡೆಯೆಲ್ಲ ಮದುವೆ. ಕೆಳಗೆ ವರ್ಷಕ್ಕೊಮ್ಮೆ ನಡೆಯುವುದೂ ಅದೇ. ಮಂಟಪವೂ ಚಿತ್ರವೂ ಹಬ್ಬವೂ ಒಂದಕ್ಕೊಂದು ಹೊಂದಿಕೊಂಡಿವೆ.

ಪಲ್ಲಕ್ಕಿಯಲ್ಲಿ ಹೋಗುವ ವಿದ್ಯಾರಣ್ಯರ ಮೆರವಣಿಗೆಯೂ ಅಲ್ಲಿದೆ. ದೇವಸ್ಥಾನಕ್ಕೆ ಹೊಂದಿಕೊಂಡೇ ಅವರ ಹೆಸರಿನ ಮಠ ಇರುವುದರಿಂದ ಆ ಚಿತ್ರ ಅಲ್ಲಿ ಬಂದಿದ್ದು ಆಶ್ಚರ್ಯವಲ್ಲ. ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಕೆಲವರು ವಿಜಯನಗರ ಕಾಲದ್ದು ಅನ್ನುತ್ತಾರೆ, ಕೆಲವರು 19ನೇ ಶತಮಾನದ ಆರಂಭದ ದುರಸ್ತಿಯ ಹೊತ್ತಿನದು ಅನ್ನುತ್ತಾರೆ. ನನ್ನ ಕಣ್ಣಿಗೆ ವಿಜಯನಗರ ಕಾಲದ ಲೇಪಾಕ್ಷಿಯ ಚಿತ್ರಗಳ ಗೆರೆ ಇಲ್ಲಿ ಕಾಣುವುದಿಲ್ಲ. ಹಾಗಾಗಿ ನಾನು ಎರಡನೆಯ ಗುಂಪಿನ ಕಡೆ.

ತುಂಗೆಯದಂಡೆ

ಒಂದು ಸೂಕ್ಷ್ಮ ವಿಷಯ. ಹಳೆಯ ದಾಖಲೆಗಳಲ್ಲಿ ಈ ಜಾಗಕ್ಕೆ ಪಂಪೆಯ ಹೆಸರೇ ಮೊದಲು. ಪಂಪಾ ತೀರ್ಥ, ಪಂಪಾ ಕ್ಷೇತ್ರ. ಹೊಳೆಯ ದಂಡೆಯ ಊರದೇವತೆ ಅವಳು. ವಿರೂಪಾಕ್ಷ ಆಮೇಲೆ ಬಂದು ಅವಳನ್ನು ಮದುವೆಯಾದ ಅಂತ ಕೆಲವು ಸಂಶೋಧಕರು ಹೇಳುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಹಬ್ಬದಲ್ಲಿ ಮದುವೆಗೆ ಇಷ್ಟು ಮಹತ್ವ ಇರುವುದು ಸುಮ್ನೆ ಅಲ್ಲ.

ಜಾತ್ರೆಮರುಳ

ಪಂಪೆ ಪಾರ್ವತಿಯೇ. ಊರದೇವತೆ, ಆಮೇಲೆ ಬಂದ ದೇವರು ಅಂತೆಲ್ಲ ಪುಸ್ತಕದವರ ಮಾತು. ಅಲ್ಲಿ ಅರಿಶಿನ ಕುಂಕುಮ ಇಡುವ ಹೆಂಗಸರನ್ನು ಕೇಳಿ ನೋಡಿ.

ತುಂಗೆಯದಂಡೆ

ಅವರ ನಂಬಿಕೆ ಬಗ್ಗೆ ನನ್ನ ತಕರಾರು ಏನೂ ಇಲ್ಲ. ನಾನೂ ಅಲ್ಲೇ ಕುಂಕುಮ ಇಟ್ಟುಕೊಂಡು ಬೆಳೆದವಳು. ಅವಳು ಮೊದಲು ಇದ್ದಳು ಅಂದರೆ ಅವಳಿಗೆ ಕಡಿಮೆ ಆಗಲ್ಲವಲ್ಲ, ಜಾಸ್ತಿಯೇ ಆಗುತ್ತದೆ.

ನಿರ್ವಾಹಕ

ಇಬ್ಬರೂ ಚೆನ್ನಾಗಿ ಮಾತಾಡುತ್ತಿದ್ದೀರಿ, ಹೀಗೇ ಇರಲಿ. ವಿಜಯನಗರ ಸೋತ 1565ರ ಯುದ್ಧದ ಬಗ್ಗೆ ಬಂದಿದ್ದ ಎರಡು ಬರಹಗಳನ್ನು ತೆಗೆದಿದ್ದೇನೆ. ಬೈಗುಳ ಇಲ್ಲದೆ ಮತ್ತೆ ಬರೆಯಬಹುದು.

ಓಲೆಗರಿ

1565ರ ಪ್ರಶ್ನೆ ಬಂದೇ ಬರುತ್ತದೆ, ಹಾಗಾಗಿ ಸಮಾಧಾನವಾಗಿ ಹೇಳುತ್ತೇನೆ. ರಕ್ಕಸಗಿ ತಂಗಡಗಿ ಕದನದ ನಂತರ ನಗರ ಲೂಟಿಯಾಯಿತು. ವಿಠ್ಠಲ, ಕೃಷ್ಣ ದೇವಸ್ಥಾನಗಳಲ್ಲಿ ಪೂಜೆ ನಿಂತುಹೋಯಿತು. ವಿರೂಪಾಕ್ಷನದ್ದು ಉಳಿಯಿತು. ಯಾಕೆ ಅನ್ನುವುದಕ್ಕೆ ತರತರದ ಕಥೆಗಳಿವೆ. ನನ್ನ ಊಹೆ ಇಷ್ಟು. ಉಳಿದ ದೊಡ್ಡ ಗುಡಿಗಳು ಅರಮನೆ ಮತ್ತು ನಾಯಕರ ದತ್ತಿಯನ್ನು ನೆಚ್ಚಿದ್ದವು. ರಾಜಧಾನಿ ಹೋದ ಮೇಲೆ ಅವುಗಳಿಗೆ ದೀಪದ ಎಣ್ಣೆಗೂ ದಿಕ್ಕಿರಲಿಲ್ಲ. ವಿರೂಪಾಕ್ಷನಿಗೆ ರಾಜಧಾನಿ ಬರುವ ಮೊದಲೇ ಭಕ್ತರಿದ್ದರು, ಹೋದ ಮೇಲೂ ಇದ್ದರು.

ರಾಜರ ಕಾಲದ ವೈಭವ ಹೇಗಿತ್ತು ಅನ್ನುವುದಕ್ಕೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದು ಓದಬೇಕು. 1520ರ ಆಸುಪಾಸಿನಲ್ಲಿ ಬಂದವನು. ಒಂದು ಚೆಂದದ ಬೀದಿ, ಅದರ ಕೊನೆಗೆ ಜನ ತುಂಬಾ ನಡೆದುಕೊಳ್ಳುವ ಗುಡಿ, ಮೇಲೆ ಹೋದಂತೆ ಕಿರಿದಾಗುವ ಎತ್ತರದ ಗೋಪುರ ಅಂತ ಬಣ್ಣಿಸುತ್ತಾನೆ. ಅದು ಇದೇ ದೇವಸ್ಥಾನ ಅಂತ ವಿದ್ವಾಂಸರು ಗುರುತಿಸುತ್ತಾರೆ. ಕೆಲವು ಕಂಬಗಳ ಚಿನ್ನದ ಲೇಪ ಸವೆದು ತಾಮ್ರ ಕಾಣುತ್ತಿತ್ತು ಅಂತಲೂ ಬರೆದಿದ್ದಾನೆ. ವೈಭವದ ಕಾಲದಲ್ಲೇ ಚಿನ್ನ ಸವೆದಿತ್ತು ಅಂದರೆ ಗುಡಿ ಆಗಲೇ ಎಷ್ಟು ಬಳಕೆಯಲ್ಲಿತ್ತು ನೋಡಿ.

ಕಲ್ಲುಕುಟಿಗ

ಆ ಬೀದಿ ಈಗಿನ ವಿರೂಪಾಕ್ಷ ಬಜಾರು. ಗೋಪುರದಿಂದ ಬೀದಿಯ ಆ ತುದಿಯ ದೊಡ್ಡ ನಂದಿ, ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರ್ ಹತ್ತಿರ. ಅದು ತೇರಿನ ಬೀದಿಯೂ ಹೌದು. ಎರಡೂ ಬದಿಯ ಸಾಲು ಮಂಟಪಗಳಲ್ಲಿ ಜನ ಅಂಗಡಿ, ಮನೆ ಮಾಡಿಕೊಂಡಿದ್ದರು. 2011ರಲ್ಲಿ ಅವನ್ನೆಲ್ಲ ತೆರವು ಮಾಡಲಾಯಿತು. ಪಾರಂಪರಿಕ ತಾಣ ಉಳಿಯಬೇಕು, ನಿಜ. ಆದರೆ ಪಾಯಸ್ ನೋಡಿದ ಬೀದಿಯಲ್ಲಿ ಮನೆಗಳಿದ್ದವು, ವ್ಯಾಪಾರ ಇತ್ತು. ಖಾಲಿ ಮಂಟಪಗಳ ಸಾಲು ಅವನಿಗೆ ಗುರುತೇ ಸಿಗುತ್ತಿರಲಿಲ್ಲ. ಜನ ಹೋದರೂ ಕಲ್ಲು ಸುರಕ್ಷಿತವಾಗಿಲ್ಲ. 2024ರ ಮೇ ತಿಂಗಳ ಮಳೆಗೆ ಅಲ್ಲಿನ ಸಾಲು ಮಂಟಪದ ಒಂದು ಭಾಗ ಕುಸಿಯಿತು.

ಮಾತಂಗ

ಇದು ಬೇರೆಯೇ ಚರ್ಚೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಆನೆಗೊಂದಿ ಸೇತುವೆ ಕೆಲಸದ ಕಾರಣಕ್ಕೆ ಅಪಾಯದ ಪಟ್ಟಿಗೆ ಹೋಯಿತು, 2006ರಲ್ಲಿ ಹೊರಬಂತು. ಅದರ ಎಲ್ಲ ಕಟ್ಟುಪಾಡು ಕಲ್ಲಿಗಾಗಿ. ಪೂಜೆ ನಡೆಯುವ ಗುಡಿಗೆ ಎಣ್ಣೆ, ಹೊಗೆ, ಜನಸಂದಣಿ ಎಲ್ಲ ಇರಲೇಬೇಕು. ಎರಡನ್ನೂ ಒಟ್ಟಿಗೆ ನಡೆಸುವುದು ಕಷ್ಟ. ಬೇರೆ ಎಳೆ ಶುರು ಮಾಡೋಣವೇ?

ದಾರಿಹೋಕ

ಶುರು ಮಾಡಿ, ನಾನು ಓದುತ್ತೇನೆ. ನಮ್ಮ ಮಾವನವರಿಗೆ ಈಗ ತೇರು ನೋಡಲೇಬೇಕು ಅಂತ ಆಸೆ ಹುಟ್ಟಿದೆ. ಹಂಪಿ ಉತ್ಸವದ ಹೊತ್ತಿಗೆ ಹೋದರೆ ತೇರು ಸಿಗುತ್ತದಾ? ವಯಸ್ಸಾದವರು, ಹೆಚ್ಚು ನಿಲ್ಲೋಕೆ ಆಗಲ್ಲ.

ಜಾತ್ರೆಮರುಳ

ಹಂಪಿ ಉತ್ಸವ ಬೇರೆ, ಹಂಪಿ ಜಾತ್ರೆ ಬೇರೆ. ಉತ್ಸವ ಸರ್ಕಾರದ ಕಾರ್ಯಕ್ರಮ. ರಾಜಕಾರಣಿ ಎಂ. ಪಿ. ಪ್ರಕಾಶ್ ಅವರ ಆಸಕ್ತಿಯಿಂದ ಶುರುವಾಗಿದ್ದು. ವೇದಿಕೆ, ಹಾಡು, ಕುಣಿತ, ದೀಪಾಲಂಕಾರ ಇರುತ್ತದೆ. ತೇರು ಬೇಕಾದರೆ ಪಂಚಾಂಗದಲ್ಲಿ ಚೈತ್ರ ಹುಣ್ಣಿಮೆ ನೋಡಿ. ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ಬರುತ್ತದೆ. ತೇರು ಎಳೆಯುವುದು ಬಿಸಿಲು ಇಳಿದ ಮೇಲೆ, ಆದರೆ ಬಂಡೆಗಳ ಕಾವು ಆಗಲೂ ಹಾಗೇ ಇರುತ್ತದೆ.

ವಯಸ್ಸಾದವರಿಗೆ ನನ್ನ ಸಲಹೆ ಫಲಪೂಜೆ. ಚಳಿಗಾಲ, ಜನವೂ ಅಷ್ಟಿಲ್ಲ. ಇಲ್ಲವೇ ಶಿವರಾತ್ರಿ. ಕೃಷ್ಣದೇವರಾಯ ಕೊಟ್ಟಿದ್ದು ಅಂತ ಹೇಳುವ ಚಿನ್ನದ ಮುಖವನ್ನು ಅಂಥ ವಿಶೇಷ ದಿನಗಳಲ್ಲಿ ಮಾತ್ರ ಸ್ವಾಮಿಗೆ ತೊಡಿಸುತ್ತಾರೆ. ತೇರೇ ಬೇಕು ಅಂತ ಹಟ ಹಿಡಿದರೆ ಮಧ್ಯಾಹ್ನವೇ ಹೋಗಿ ಸಾಲು ಮಂಟಪದ ನೆರಳಿನಲ್ಲಿ ಕೂರಿಸಿ. ಗೋಪುರಕ್ಕೆ ತೀರಾ ಹತ್ತಿರ ಬೇಡ, ಅಲ್ಲಿ ನೂಕುನುಗ್ಗಲು. ಸ್ವಲ್ಪ ಎದುರು ಬಸವಣ್ಣನ ಕಡೆಗೆ ಜರುಗಿದರೆ ತೇರು ನಿಮ್ಮ ಕಡೆಗೇ ಬರುವುದು ಕಾಣುತ್ತದೆ. ನೀರಿನ ಬಾಟಲಿ ಚೀಲದ ಒಳಗಿರಲಿ. ಬಾಳೆಹಣ್ಣಂತೂ ಕೈಯಲ್ಲಿ ಬೇಡವೇ ಬೇಡ, ಕೋತಿಗಳು ಬಿಡಲ್ಲ.

ತುಂಗೆಯದಂಡೆ

ಮಾವನವರನ್ನು ಪಂಪಾದೇವಿ ಗುಡಿಗೆ ಕರೆದುಕೊಂಡು ಹೋಗಲು ಮರೆಯಬೇಡಿ. ಉತ್ತರದ ಕನಕಗಿರಿ ಗೋಪುರದ ಕಡೆಯಿಂದ ಹೊರಬಂದರೆ ಮನ್ಮಥ ಹೊಂಡ. ಅದರ ದಂಡೆಯ ಪುಟ್ಟ ಗುಡಿಗಳು ವಿಜಯನಗರಕ್ಕಿಂತ ಹಳೆಯವು. ಅವರ 7ನೇ ಶತಮಾನಕ್ಕೆ ಅಷ್ಟು ಹತ್ತಿರ ಹೋಗುವ ಕಟ್ಟಡ ಬೇರೆ ಕಡೆ ಹುಡುಕುವುದು ಕಷ್ಟ. ಅಲ್ಲಿಂದ ಹೊಳೆ ಕೂಡ ಹತ್ತಿರ, ಹೆಚ್ಚು ನಡೆಯಬೇಕಾಗಿಲ್ಲ.